ಹಿಂದಿನ ಗಾಜಿನ ರಿಲೇ ಬದಲಿಸಿದ ಬೆಳಿಗ್ಗೆ

ಶಿಡ್ಲಘಟ್ಟದಲ್ಲಿ ನನ್ನದು ಕಾರುಗಳ ವೈರಿಂಗ್ ರಿಪೇರಿ ಅಂಗಡಿ. ನಾನೂ ಹೆಂಡತಿಯೂ ಬೇರೆಯಾಗಿ ಮೂರು ವರ್ಷವಾಗಿತ್ತು. ಎಂಟು ವರ್ಷದ ಮಗಳು ಗೌರಿಬಿದನೂರಿನಲ್ಲಿ ತಾಯಿಯ ಜೊತೆಗಿದ್ದು, ರಜೆ ಬಂದರೆ ನನ್ನ ಹತ್ತಿರ ಬರುತ್ತಿದ್ದಳು. ಆ ಚಳಿಗಾಲದಲ್ಲಿ ಅವಳ ತಾಯಿಗೆ ಮತ್ತೆ ಮದುವೆ ಗೊತ್ತಾಯಿತು. ಗಂಡು ಅನಂತಪುರದ ಕಡೆಯವರು. ಮಗಳೂ ಅಲ್ಲಿಗೇ ಹೋಗುವುದೆಂದಾಯಿತು. ಬೆಳಗಿಂದ ಸಂಜೆವರೆಗೆ ಕಾರಿನ ಕೆಳಗೆ ಮಲಗಿರುವವನು ಹೆಣ್ಣುಮಗುವನ್ನು ಹೇಗೆ ನೋಡಿಕೊಳ್ಳುತ್ತಾನೆ ಎಂದರು ಎಲ್ಲರೂ. ನಾನೂ ನಂಬಿದೆ.

ರಜೆಗೆ ನನ್ನ ಹತ್ತಿರ ಬಂದಿದ್ದ ಮಗಳನ್ನು ಕರೆದೊಯ್ಯಲು ಹೆಂಡತಿಯ ತಮ್ಮ ಬೆಳಿಗ್ಗೆಯೇ ಕಾರು ತಂದ. ಹಿಪ್ಪುನೇರಳೆ ತೋಟಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ.

"ಭಾವ, ಹಿಂದಿನ ಗ್ಲಾಸು ಪೂರ್ತಿ ಮಂಜು ಹಿಡಿತೈತೆ. ಸ್ವಿಚ್ ಹಾಕಿದ್ರೂ ಹೋಗಲ್ಲ. ಮಗೂನ ಕೂರಿಸ್ಕೊಂಡು ಹೋಗ್ಬೇಕು, ಸ್ವಲ್ಪ ನೋಡಿ," ಎಂದು ಹೇಳಿ ಟೀ ಕುಡಿಯಲು ಹೋದ.

ಫ್ಯೂಸ್ ಸರಿಯಿತ್ತು. ಸ್ವಿಚ್ ಒತ್ತಿದರೆ ರಿಲೇ ಟಿಕ್ ಎನ್ನುತ್ತಿತ್ತು, ಗಾಜಿಗೆ ಮಾತ್ರ ಕರೆಂಟ್ ಹೋಗುತ್ತಿರಲಿಲ್ಲ. ರಿಲೇ ಕಿತ್ತು ಮುಚ್ಚಳ ಬಿಚ್ಚಿದೆ. ಒಳಗೆ ಒಂದಕ್ಕೊಂದು ಕೂಡಬೇಕಾದ ತುದಿಗಳು ಸುಟ್ಟು ಕರಿಯಾಗಿದ್ದವು.

"ಅಪ್ಪ, ಏನಪ್ಪ ಇದು?" ಮಗಳು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು.

"ಗಾಜಿನ ಮೇಲೆ ಗೆರೆ ಕಾಣ್ತಾವಲ್ಲಮ್ಮ, ಅವು ಬಿಸಿಯಾದ್ರೆ ಮಂಜು ಹೋಗುತ್ತೆ. ಅದಕ್ಕೆ ಜಾಸ್ತಿ ಕರೆಂಟ್ ಬೇಕು, ಸ್ವಿಚ್ ತಡ್ಕೊಳ್ಳಲ್ಲ. ಅದಕ್ಕೇ ಸ್ವಿಚ್ಚು ಇದಕ್ಕೆ ಚೂರೇ ಚೂರು ಕರೆಂಟ್ ಕಳಿಸುತ್ತೆ. ಈ ತಂತಿ ಸುರುಳಿ ಅಯಸ್ಕಾಂತ ಆಗಿ ಎರಡು ತುದೀನ ಸೇರಿಸುತ್ತೆ. ಆಗ ಬ್ಯಾಟರಿಯಿಂದ ದೊಡ್ಡ ಕರೆಂಟ್ ಗಾಜಿಗೆ ಹೋಗುತ್ತೆ."

"ಹಂಗೇ ಹೋಗ್ತಾನೇ ಇರುತ್ತಾ?"

"ಇಲ್ಲ ಕಣಮ್ಮ. ಸ್ವಲ್ಪ ಹೊತ್ತಾದ್ಮೇಲೆ ತಾನೇ ಬಿಟ್ಕೊಳ್ಳುತ್ತೆ. ಬ್ಯಾಟರಿ ಇಳಿದೋಗ್ಬಾರ್ದಲ್ಲ."

ಅವಳು ರಿಲೇಯನ್ನೇ ನೋಡುತ್ತ ಕೇಳಿದಳು: "ಇದು ಸರಿಹೋಗ್ದಿದ್ರೆ ನಾಳೆ ಹೋಗ್ಬೋದಾ ಅಪ್ಪ?"

ಅಂಥದೇ ರಿಲೇ ನನ್ನ ಡ್ರಾಯರಿನಲ್ಲಿತ್ತು. ಬೆಂಗಳೂರಿಂದ ತರಿಸಬೇಕು, ನಾಳೆ ಬಾ ಎಂದಿದ್ದರೆ ಭಾವಮೈದ ನಂಬುತ್ತಿದ್ದ. ಮಾತು ನಾಲಿಗೆಯ ತುದಿಗೂ ಬಂತು. ಆದರೆ ನಾಳೆಯೂ ಅವಳು ಇದನ್ನೇ ಕೇಳುತ್ತಾಳಲ್ಲ ಅನ್ನಿಸಿತು.

"ಅಮ್ಮ ಕಾಯ್ತಿರ್ತಾರೆ," ಎಂದು ಹೇಳಿ ಎದ್ದು ಡ್ರಾಯರ್ ಎಳೆದೆ.

ಕಾರು ರಸ್ತೆಗೆ ಇಳಿಯುವ ಹೊತ್ತಿಗೆ ಗಾಜು ಗೆರೆಗೆರೆಯಾಗಿ ತಿಳಿಯಾಗುತ್ತಿತ್ತು. ಅವಳು ಹಿಂದಿನ ಸೀಟಿನ ಮೇಲೆ ಮಂಡಿಯೂರಿ ನನ್ನ ಕಡೆಗೆ ತಿರುಗಿದ್ದಳು. ಬಾಯಿ ಸೊಟ್ಟ ಮಾಡಿಕೊಂಡು ಅಳುತ್ತಿದ್ದುದು ಚೆನ್ನಾಗಿ ಕಾಣಿಸಿತು. ನಾನು ಕೈಯೆತ್ತಿದೆ. ಕೈಯಲ್ಲಿ ಸ್ಕ್ರೂಡ್ರೈವರ್ ಹಾಗೇ ಇತ್ತು.

ಮೊದಮೊದಲು ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. ಈಗ ನಾನೇ ಮಾಡುತ್ತೇನೆ. ಹೋದ ತಿಂಗಳು ಮಾತಿನ ನಡುವೆ ಫೋನನ್ನು ದೂರ ಹಿಡಿದು ಯಾರನ್ನೋ "ನಾನ್ನಾ" ಎಂದು ಕರೆದಳು. ತೆಲುಗಿನಲ್ಲಿ ಅಪ್ಪನನ್ನು ಹಾಗೆ ಕರೆಯುತ್ತಾರೆ. ನಾನು ಕೇಳಿಸದವನಂತೆ, ಊಟ ಆಯ್ತೇನಮ್ಮ ಅಂದೆ.