ಸೆಲಾಂ ಕೊಟ್ಟ ತುತ್ತು

ಸೆಲಾಂ, ನಿನ್ನ ಕೈತುತ್ತನ್ನು ಬೇಡವೆಂದ ಅಧ್ಯಾಪಕಿ ಬೇರೆ ಯಾರೋ ಎಂದು ಹೋದಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ. ಆಕೆ ನಾನೇ.

ಆಗ ಸಾಂತಾಕ್ರೂಜ್‌ನ ಕಾಲೇಜೊಂದರಲ್ಲಿ ವಿದೇಶಿ ವಿದ್ಯಾರ್ಥಿಗಳಿಗೂ ನಮ್ಮ ಮಕ್ಕಳಿಗೂ ಒಟ್ಟಿಗೆ ಪಾಠ ಮಾಡುತ್ತಿದ್ದೆ. ವಿಷಯ — ಪರರ ಸಂಸ್ಕೃತಿಯನ್ನು ಅರಿಯುವುದು! ನಗು ಬಂದರೆ ನಕ್ಕುಬಿಡು. ಎಲ್ಲರೂ ತಮ್ಮ ಮನೆಯ ಅಡುಗೆ ತಂದು, ಅದನ್ನು ಹೇಗೆ ಉಣ್ಣುತ್ತಾರೆಂದು ತೋರಿಸಬೇಕು ಎಂದು ನಾನೇ ಹೇಳಿದ್ದೆ. ಇಥಿಯೋಪಿಯಾದಿಂದ ಬಂದ ನೀನು, ನಿಮ್ಮ ಧಾನ್ಯ ಇಲ್ಲಿ ಸಿಗದೆ, ರಾಗಿ ಹಿಟ್ಟನ್ನೇ ಹುಳಿ ಬರಿಸಿ ರೊಟ್ಟಿ ಮಾಡಿ ತಂದೆ. ಒಂದು ಚೂರು ಹರಿದು, ಖಾರದ ಬೇಳೆ ಸುತ್ತಿ, ನೇರ ನನ್ನ ಬಾಯಿಯ ಹತ್ತಿರ ಹಿಡಿದೆ. "ಮೊದಲ ತುತ್ತು ಹಿರಿಯರಿಗೆ, ಮೇಡಂ. ಪ್ರೀತಿ ಇದ್ದವರಿಗೆ ನಾವು ಹೀಗೇ ತಿನ್ನಿಸೋದು."

ಹಿಂದಿನ ಬೆಂಚಿನಲ್ಲಿ ಹೊರದೇಶದ ವಿಶ್ವವಿದ್ಯಾಲಯದ ಅತಿಥಿಗಳು ಕುಳಿತಿದ್ದರು. ನಾನು ಮುಖ ಹಿಂದಕ್ಕೆಳೆದುಕೊಂಡೆ. "ನೋ ನೋ, ಪ್ಲೇಟಿನಲ್ಲಿಡು. ನಮ್ಮಲ್ಲಿ ಹೀಗೆಲ್ಲ ಮಾಡೋದಿಲ್ಲ." ತರಗತಿ ನಕ್ಕಿತು. ನಿನ್ನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು — ಆಮೇಲೆ ತಲೆ ತಗ್ಗಿಸಿ ಆ ತುತ್ತನ್ನು ನೀನೇ ತಿಂದೆ.

ಸುಳ್ಳು, ಸೆಲಾಂ. ನಮ್ಮಲ್ಲೂ ಹೀಗೇ ಮಾಡುತ್ತಾರೆ. ವಿಜಯಪುರದಿಂದ ಬಂದ ನನ್ನವ್ವ ಮುಲುಂಡ್‌ನ ಮನೆಯಲ್ಲಿ, ನನಗೆ ಕಾಲೇಜಿನ ಲೋಕಲ್ ರೈಲು ತಪ್ಪೀತೆಂದು, ಜಡೆ ಹಾಕಿಕೊಳ್ಳುತ್ತಿದ್ದ ನನ್ನ ಬಾಯಿಗೆ ಪಲ್ಯ ಸುತ್ತಿದ ರೊಟ್ಟಿ ಇಡುತ್ತಿದ್ದಳು. "ತುತ್ತಿಗೆ ಒಲ್ಲೆ ಅನಬಾರದವ್ವಾ. ಕೊಟ್ಟಾಕಿ ಮನಸ್ಸು ನೋಯ್ತೈತಿ." ನಾನೂ ಕೈತುತ್ತು ಉಂಡು ಬೆಳೆದವಳೇ ಎಂದು ಆ ಅತಿಥಿಗಳಿಗೆ ತಿಳಿದೀತೆಂದು ನಾಚಿದೆ. ನಿನ್ನ ಕೈಯ ಜೊತೆ ಅವ್ವನ ಕೈಯನ್ನೂ ತಳ್ಳಿದೆ.

ಅಂದಿನಿಂದ ನೀನು ಕೊನೆಯ ಬೆಂಚಿಗೆ ಹೋದೆ. ಮುಂದಿನ ಸೆಮಿಸ್ಟರಿಗೆ ಬರಲೇ ಇಲ್ಲ, ಊರಿಗೆ ಹೋದಳೆಂದರು. ವಿಭಾಗದ ಮುಖ್ಯಸ್ಥರು ಕಾರಣ ಕೇಳಿದಾಗ "ಹೊಂದಿಕೊಳ್ಳಲಿಲ್ಲ ಸರ್" ಎಂದೆ. ಎಷ್ಟು ಸಲೀಸಾಗಿ! ಅಷ್ಟಕ್ಕೂ ಬಿಡಲಿಲ್ಲ — ಅಧ್ಯಾಪಕರ ಶಿಬಿರಗಳಲ್ಲಿ ಇದನ್ನೇ ಪಾಠ ಮಾಡಿದೆ. "ಒಬ್ಬ ಅಧ್ಯಾಪಕಿ ಹೀಗೆ ಮಾಡಿದರಂತೆ..." ಎಲ್ಲರೂ ಅಯ್ಯೋ ಅನ್ನುತ್ತಾರೆ. ಚಪ್ಪಾಳೆ ಮಾತ್ರ ನನಗೆ.

ಈಗ ಅವ್ವನ ಕೈ ನಡುಗುತ್ತದೆ, ನಾನೇ ಉಣ್ಣಿಸುತ್ತೇನೆ. ನಿನ್ನೆ ಅವಳು ಒಲ್ಲೆನೆಂದು ಮುಖ ತಿರುಗಿಸಿದಳು. ತುತ್ತು ಹಿಡಿದ ನನ್ನ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಮನೆಯಲ್ಲಿ ನಾವಿಬ್ಬರೇ, ಆದರೂ ಅಳು ಬಂತು. ನೀನು ಅಷ್ಟು ಜನರ ನಡುವೆ ನಿಂತಿದ್ದೆಯಲ್ಲ, ತಾಯಿ —

ಮುಂದಿನ ಶಿಬಿರದಲ್ಲಿ "ಒಬ್ಬ ಅಧ್ಯಾಪಕಿ" ಎನ್ನುವುದಿಲ್ಲ, "ನಾನು" ಎನ್ನುತ್ತೇನೆ. ಆ ರೊಟ್ಟಿಯ ರುಚಿ ಹೇಗಿತ್ತೆಂದು ಯಾರಾದರೂ ಕೇಳಿದರೆ, ಗೊತ್ತಿಲ್ಲ ಎಂದೇ ಹೇಳಬೇಕು.