ಚಾಚಾ ಓದಿದ ಅರಬ್ಬಿ ಕಾಗದ

ಮೊನ್ನೆ ಕೆಲಸಕ್ಕೆಂದು ಹೊರದೇಶಕ್ಕೆ ಹೊರಟ ಮೊಮ್ಮಗಳಿಗಾಗಿ ತಗಡಿನ ಟ್ರಂಕು ಕೆಳಗಿಳಿಸಿದೆ. ತಳದಲ್ಲಿ ನನ್ನ ಹಳೆಯ ಪಾಸ್‌ಪೋರ್ಟ್ ಫೋಟೊಗಳು ಒಂದಕ್ಕೊಂದು ಅಂಟಿಕೊಂಡು ಬಿದ್ದಿದ್ದವು. ಎರಡು ಸಾಕೆಂದವಳಿಗೆ ಎಂಟು ತೆಗೆಸೆಂದವರು ದರ್ಜಿ ಚಾಚಾ...

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ತಿಕೋಟಾದವಳಾದ ನಾನು ನರ್ಸಿಂಗ್ ಮುಗಿಸಿ, ವಿಜಾಪುರದ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಕೆಳಗೆ ಚಾಚಾ ಅವರ ಅಂಗಡಿ. ಕುವೈತಿನಲ್ಲಿ ಒಂಬತ್ತು ವರ್ಷ ಬಟ್ಟೆ ಹೊಲಿದು ಬಂದಿದ್ದರು. ಅರಬ್ಬಿ ಓದಿ ಅರ್ಥ ಮಾಡಿಕೊಳ್ಳುತ್ತಿದ್ದರು.

ಮುಂಬಯಿಯ ಏಜೆಂಟನೊಬ್ಬ ನನಗೂ ಬಬಲೇಶ್ವರದ ಗೆಳತಿಗೂ ಕುವೈತಿನ ಆಸ್ಪತ್ರೆಯಲ್ಲಿ ಕೆಲಸವಿದೆ ಎಂದು ಬರೆದಿದ್ದ. ಆಸ್ಪತ್ರೆಯವರೇ ಪತ್ರ ಹಾಕಿದ್ದಾರೆಯೇ ಎಂದು ಚಾಚಾ ಕೇಳಿದರು. ಏಜೆಂಟನ ಪತ್ರವೊಂದನ್ನೇ ತೋರಿಸಿದೆವು. ಇಬ್ಬರ ಪಾಸ್‌ಪೋರ್ಟ್ ನಂಬರನ್ನೂ ಬರೆದು ಅವರವರ ಮನೆಯಲ್ಲಿ ಇಡಿಸಿದರು, ಕುವೈತಿನಲ್ಲಿರುವ ನಮ್ಮ ರಾಯಭಾರ ಕಚೇರಿಯ ವಿಳಾಸ ಬಾಯಿಪಾಠ ಮಾಡಿಸಿದರು. ಅಪ್ಪನಿಗೆ ಹುಷಾರಿರಲಿಲ್ಲ, ಚಾಚಾ ಅಂಗಡಿ ಮುಚ್ಚಿ ತಾವೇ ಮುಂಬಯಿಗೆ ಜೊತೆಗೆ ಹೊರಟರು.

ಏಜೆಂಟನ ಆಫೀಸಿನಲ್ಲಿ ಹತ್ತಿಪ್ಪತ್ತು ಜನ ಕಾಯುತ್ತಿದ್ದರು. ಏಜೆಂಟ ಮೊದಲು ನಮ್ಮ ಪಾಸ್‌ಪೋರ್ಟ್ ಇಸಿದುಕೊಂಡು ಡ್ರಾಯರಿಗೆ ಹಾಕಿದ, ಆಮೇಲೆ ಕಾಗದ ಮುಂದಿಟ್ಟ. ಮೇಲೆ ಇಂಗ್ಲಿಷಿನಲ್ಲಿ ನರ್ಸ್ ಎಂದೇ ಇತ್ತು. ನಾನು ಪೆನ್ನು ತೆರೆದೆ. ಚಾಚಾ ನನ್ನ ಮುಂಗೈ ಹಿಡಿದರು.

“ತಡಿ ಬೇಟಿ. ಕೆಳಗ ಅರಬ್ಬಿಯೊಳಗ ಮನಿಗೆಲಸದಾಕಿ ಅಂತ ಬರದಾರ.”

ಏಜೆಂಟ ನಕ್ಕ. ನಾಡಿದ್ದು ವಿಮಾನ, ನೀವಲ್ಲದಿದ್ದರೆ ಬೇರೆಯವರಿದ್ದಾರೆ ಎಂದ. ಗೆಳತಿ ನನ್ನನ್ನು ನೋಡಿದಳು. ಬೇಡವೆಂದು ಚಾಚಾ ಎರಡು ಸಲ ಹೇಳಿದರು. ಅವಳು ತಲೆ ಎತ್ತದೆ ಸಹಿ ಮಾಡಿಬಿಟ್ಟಳು.

ನಾನು ಮಾಡಲಿಲ್ಲ. ಪಾಸ್‌ಪೋರ್ಟ್ ಕೇಳಿದರೆ ಆಮೇಲೆ ನೋಡೋಣ ಎಂದ. ಚಾಚಾ ಜಗಳಕ್ಕೆ ಹೋಗಲಿಲ್ಲ. ಕಾಗದ ಹಿಡಿದು, ಕಾಯುತ್ತಿದ್ದವರ ಕಡೆ ತಿರುಗಿ, ಒಂದೊಂದೇ ಸಾಲು ಓದಿ ಹಿಂದಿಯಲ್ಲಿ ಅರ್ಥ ಹೇಳತೊಡಗಿದರು. ಜನ ಎದ್ದು ಮೇಜಿನ ಸುತ್ತ ನೆರೆದರು. ನಾಲ್ಕನೆಯ ಸಾಲಿಗೆ ನನ್ನ ಪಾಸ್‌ಪೋರ್ಟ್ ಮೇಜಿನ ಮೇಲೆ ಬಂದು ಬಿತ್ತು.

ಇಳಿಯುವಾಗ ಚಾಚಾ ಮೆಟ್ಟಿಲ ಮೇಲೆಯೇ ಕುಳಿತರು.

“ನಮ್ಮವ್ವ ಸತ್ತಾಗ ನನ್ನ ಪಾಸ್‌ಪೋರ್ಟ್ ಮಾಲಕನ ಕಪಾಟಿನ್ಯಾಗ ಇತ್ತು. ಮಣ್ಣಿಗೆ ಬರಾಕ ಆಗಲಿಲ್ಲ.”

ನನಗೆ ಆಗ ಅದು ಕಿವಿಗೇ ಬೀಳಲಿಲ್ಲ. ತಪ್ಪಾಗಿ ಓದಿ ನನ್ನ ಕೆಲಸ ಕಳೆದರೇನೋ ಎಂಬ ಸಿಟ್ಟು. ವಾಪಸು ಬರುವಾಗ ಸೊಲ್ಲಾಪುರದಲ್ಲಿ ಅವರು ತಂದುಕೊಟ್ಟ ಚಹಾ ಮುಟ್ಟಲಿಲ್ಲ...

ಎಂಟು ತಿಂಗಳಿಗೆ ಗೆಳತಿಯ ಪತ್ರ ಬಂತು. ಯಾರದೋ ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು, ಹೊರಗೆ ಬಿಡುತ್ತಿರಲಿಲ್ಲ. ಪತ್ರ ಹಿಡಿದು ಕೆಳಗಿಳಿದೆ. ಕ್ಷಮೆ ಕೇಳಬೇಕೆಂದಿದ್ದೆ, ಪತ್ರವನ್ನಷ್ಟೇ ಮುಂದಿಟ್ಟೆ. ಚಾಚಾ ಓದಿ, ಮಷಿನ್ ನಿಲ್ಲಿಸಿ, “ಆಕಿ ಪಾಸ್‌ಪೋರ್ಟ್ ನಂಬರ್ ಆಕಿ ಮನ್ಯಾಗ ಐತಿ. ತರಸು,” ಎಂದಷ್ಟೇ ಹೇಳಿದರು. ರಾಯಭಾರ ಕಚೇರಿಗೆ ಅವರು ಹೇಳಿದಂತೆ ನಾನು ಇಂಗ್ಲಿಷಿನಲ್ಲಿ ಬರೆದೆ. ಉತ್ತರ ಬರಲಿಲ್ಲ, ಮತ್ತೆ ಬರೆಸಿದರು, ಮತ್ತೆ. ಒಂದೂವರೆ ವರ್ಷದ ಮೇಲೆ ಅವಳು ಬಂದಿಳಿದಳು, ಗುರುತು ಸಿಗದಷ್ಟು ಸೊರಗಿ.

ಮುಂದೆ ನಾನೂ ಹೋದೆ, ಆಸ್ಪತ್ರೆಯವರೇ ಕಳಿಸಿದ ಕರಾರಿನ ಮೇಲೆ, ಚಾಚಾ ಪ್ರತಿ ಸಾಲು ಓದಿದ ನಂತರ. ಮೊದಲ ರಜೆಗೆ ಬಂದಾಗ ಅಂಗಡಿಗೆ ಬೀಗ. ಅವರು ತೀರಿಕೊಂಡು ಮೂರು ತಿಂಗಳಾಗಿತ್ತು.

ಇವತ್ತು ಮೊಮ್ಮಗಳನ್ನು ಎದುರು ಕೂರಿಸಿ ಅವಳ ಕರಾರನ್ನು ಜೋರಾಗಿ ಓದಿಸಿದೆ. ಬೇಸರದಿಂದಲೇ ಓದಿದಳು. ಗೆಳತಿಯೂ ಈಗಿಲ್ಲ. ಅವಳನ್ನು ಊರಿಗೆ ಕರೆತಂದದ್ದು ಗುಮ್ಮಟದ ಹಿಂದಿನ ಒಬ್ಬ ದರ್ಜಿ ಎಂದು ಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ.