ಬೋರಮ್ಮ ಒಪ್ಪಿದ ಕಾಲುಚೈನು

ಸಾವಿರದ ಒಂಬೈನೂರ ಐವತ್ತೈದರ ಸುಮಾರಿನಲ್ಲಿ ಮೂಡಲಪಾಳ್ಯದ ಯಾರ ಮನೆಗೆ ಬೆಳ್ಳಿ ಬರಬೇಕಾದರೂ ಬೋರಮ್ಮ ಜೊತೆಗೆ ಹೋಗಲೇಬೇಕಿತ್ತು. ಲಗ್ನ ನಿಶ್ಚಯವಾದ ಮನೆಯವರು ಪುರೋಹಿತರಿಗಿಂತ ಮೊದಲು ತನ್ನನ್ನೇ ಕರೆಯುತ್ತಾರೆ ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಪೂರ್ತಿ ಸುಳ್ಳೂ ಅಲ್ಲ.

ಒಡವೆಯನ್ನು ಅಂಗೈಯಲ್ಲಿ ಬಿಸಿಯಾಗುವಷ್ಟು ಉಜ್ಜಿ ಮೂಸುವಳು. ತಾಮ್ರ ಹೆಚ್ಚಿದ್ದರೆ ಅವಳ ಮೂಗಿಗೆ ತಿಳಿಯುತ್ತಿತ್ತು. ಕೊಂಡಿಯ ಬೆಸುಗೆಯಲ್ಲಿ ಕೆಂಪು ಇಣುಕುತ್ತಿದೆಯೇ ಎಂದು ಬಿಸಿಲಿಗೆ ಹಿಡಿದು ನೋಡುವಳು. ಕೊನೆಗೆ, ನಾಳೆ ಇದನ್ನೇ ತಂದರೆ ಬೆಳ್ಳಿಯ ಬೆಲೆಗೇ ವಾಪಸು ತೆಗೆದುಕೊಳ್ಳುತ್ತೀಯಾ ಎಂದು ಅಂಗಡಿಯವನನ್ನು ಕೇಳುವಳು. ಅವನು ತಡವರಿಸಿದನೋ, ಸೆರಗು ಕೊಡವಿ ಎದ್ದುಬಿಡುವಳು. ತಡವರಿಸದವನು ನಗರ್ತಪೇಟೆಯ ಸಂದಿಯ ರಾಮಯ್ಯಾಚಾರಿ ಒಬ್ಬನೇ. ಹಾಗಾಗಿ ಊರಿನ ಕಾಲುಂಗುರ, ಉಡಿದಾರವೆಲ್ಲ ಅವನ ಕೈಯದೇ.

ಇಂಥವಳ ಮಗ ಮುನಿರಾಜು, ಬಿನ್ನಿಪೇಟೆಗೆ ಕೆಲಸಕ್ಕೆ ಹೋಗುತ್ತಿದ್ದವನು, ದಾರಿಯಲ್ಲಿ ಹೊಸದಾಗಿ ತೆರೆದಿದ್ದ ಅಂಗಡಿಯಿಂದ ಹೆಂಡತಿ ಅಂಜನಮ್ಮನಿಗೆ ಕಾಲುಚೈನು ತಂದುಬಿಟ್ಟ. ಅಮ್ಮನನ್ನು ಒಂದು ಮಾತೂ ಕೇಳಿರಲಿಲ್ಲ. ಬೋರಮ್ಮನ ಮುಖ ಗಂಟುಹಾಕಿಕೊಂಡಿತು. ಚೈನು ಕೈಗೆ ಬಂತು, ಉಜ್ಜಿದಳು, ಮೂಸಿದಳು. ಬೆರಕೆ. ಏನು ಹೇಳುತ್ತಾಳೋ ಎಂದು ಜಗಲಿಯ ತುಂಬ ಹೆಂಗಸರು ಕಾಯುತ್ತಿದ್ದರು. ತಲೆಯೆತ್ತಿದರೆ ಮಗ ಕಂಬ ಹಿಡಿದು ನಿಂತಿದ್ದ, ಸೊಸೆಯ ಮುಖವೆಲ್ಲ ನಗು. ಬೋರಮ್ಮ ಚೈನನ್ನು ಸೊಸೆಯ ಕೈಗೆ ಹಾಕಿದಳು. ಚೆನ್ನಾಗಿದೆ ಅಂದುಬಿಟ್ಟಳು.

ವಾರ ಕಳೆದಿರಲಿಲ್ಲ, ಹಿಂದಿನ ಬೀದಿಯ ಶಿವಕ್ಕ ಬಂದಳು. ಗಂಡನಿಲ್ಲದ ಹೆಂಗಸು, ಎಮ್ಮೆ ಹಾಲು ಮಾರಿ ಮಗಳ ಮದುವೆಗೆ ಕೂಡಿಸಿಟ್ಟಿದ್ದಳು. ಮುನಿರಾಜು ತಂದ ಅಂಗಡಿಯಲ್ಲೇ ಬೆಳ್ಳಿ ಕೊಳ್ಳುತ್ತೇನೆ, ನೀನೇ ಒಪ್ಪಿದ ಮೇಲೆ ನಿನಗ್ಯಾಕೆ ಮತ್ತೆ ಶ್ರಮ ಎಂದು ಹೇಳಿ ಹೊರಟೇಹೋದಳು.

ನಿಜ ಹೇಳಿದರೆ ಮಗ ಊರೆದುರಿಗೆ ತಲೆ ತಗ್ಗಿಸಬೇಕು. ಸುಮ್ಮನಿದ್ದರೆ ಶಿವಕ್ಕನ ಮಗಳು ಬೆರಕೆ ಬೆಳ್ಳಿ ತಂದವಳೆಂದು ಅತ್ತೆಮನೆಯಲ್ಲಿ ಮಾತು ಕೇಳಬೇಕು. ಬೋರಮ್ಮ ಒಲೆಯ ಮೇಲಿನ ಸಾರನ್ನು ಹಾಗೇ ಬಿಟ್ಟು ಓಡಿದಳು. ಮಾಗಡಿ ರಸ್ತೆ ಸೇರುವಷ್ಟರಲ್ಲಿ ಶಿವಕ್ಕ ಸಿಕ್ಕಿದಳು.

"ಆ ಅಂಗಡಿಗೆ ಹೋಗ್ಬೇಡ ಕಣೇ. ಅದು ಬೆರಕೆ. ಅವತ್ತು ನಾನು ಸುಳ್ಳು ಹೇಳ್ದೆ."

ಶಿವಕ್ಕ ಅವಳನ್ನೇ ನೋಡಿದಳು. "ನೀನಾ ಬೋರಕ್ಕ? ಯಾಕೆ?"

"ಮಗ ಆಸೆಯಿಂದ ತಂದಿದ್ದ ಕಣೇ." ಬೋರಮ್ಮ ಸೆರಗಿನಿಂದ ಮುಖದ ಬೆವರು ಒರೆಸಿಕೊಂಡಳು.

ಹಿಂದೆ ಚೈನಿನ ಸದ್ದಾಯಿತು. ಅತ್ತೆ ಹೀಗೆ ಓಡಿದ್ದು ಕಂಡು ಗಾಬರಿಯಾಗಿ ಬೆನ್ನಟ್ಟಿ ಬಂದಿದ್ದ ಅಂಜನಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬೋರಮ್ಮನಿಗೆ ನಿಂತ ನೆಲವೇ ಬಾಯಿಬಿಡಬಾರದೇ ಅನಿಸಿತು. ಇವತ್ತೇ ಮೂವರೂ ರಾಮಯ್ಯಾಚಾರಿ ಹತ್ತಿರ ಹೋಗೋಣ, ಶಿವಕ್ಕನದೂ ಆಗಲಿ, ನಿನ್ನದನ್ನು ಬಿಚ್ಚಿಕೊಡು, ಅಪ್ಪಟ ಬೆಳ್ಳಿಯದು ಮಾಡಿಸಿಕೊಡುತ್ತೇನೆ ಎಂದು ಸೊಸೆಯ ಕೈ ಹಿಡಿದಳು.

ಅಂಜನಮ್ಮ ಕಾಲನ್ನು ಸೀರೆಯೊಳಕ್ಕೆ ಎಳೆದುಕೊಂಡಳು. "ಪೇಟೆಗೆ ಬರ್ತೀನಿ ಅತ್ತೆ. ಇದನ್ನ ಮಾತ್ರ ಬಿಚ್ಚಲ್ಲ. ಬೆರಕೆ ಅಂತ ನಿಮ್ಮ ಮಗನಿಗೆ ಹೇಳ್ಬೇಡಿ."

ಬೋರಮ್ಮನಿಗೆ ಅಳುವೂ ಬಂತು, ಹೆಮ್ಮೆಯೂ ಬಂತು. ಓಟದಲ್ಲಿ ಒಂದು ಚೈನಿನ ಕೊಂಡಿ ಸಡಿಲವಾಗಿತ್ತು. ಸೊಸೆ ಬೇಡ ಬೇಡ ಎನ್ನುತ್ತಿದ್ದಂತೆಯೇ ಅತ್ತೆ ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಅವಳ ಪಾದವನ್ನು ತನ್ನ ಮಂಡಿಯ ಮೇಲಿಟ್ಟುಕೊಂಡು, ಆ ಕೊಂಡಿಯನ್ನು ಹಲ್ಲಿನಿಂದ ಕಚ್ಚಿ ಬಿಗಿಮಾಡಿದಳು.